ಒಂದೇ ಒಂದು ಹಿಟ್ ಹಾಡು ಬ್ಯಾಂಡನ್ನೇ ಮುಗಿಸಿಬಿಡುತ್ತಾ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ, ಮೂಲ ದಾವಣಗೆರೆ. ಮಗನಿಗೆ 22 ವರ್ಷ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಆದರೆ ಜೀವವೆಲ್ಲ ಬ್ಯಾಂಡಿನಲ್ಲೇ. ನಾಲ್ಕು ಹುಡುಗರು ಸೇರಿ ಗಿಟಾರ್ ಪಾಪ್ ನುಡಿಸುತ್ತಾರೆ. ಇವನೂ ಹಾಡುವ ಹುಡುಗನೂ ಹಾಡು ಬರೆಯುತ್ತಾರೆ. ಇವನು ಬರೆದ ಒಂದು ತಮಾಷೆ ಹಾಡು ಆನ್‌ಲೈನ್‌ನಲ್ಲಿ ಚೆನ್ನಾಗಿ ಓಡಿತು. ಈಗ ಒಂದು ಸಣ್ಣ ಲೇಬಲ್, ಅಂದರೆ ಹಾಡು ಬಿಡುಗಡೆ ಮಾಡುವ ಕಂಪನಿ, ಕರಾರು ಕಳಿಸಿದೆ. ಆ ಹಾಡೇ ಮೊದಲ ಸಿಂಗಲ್ (ಒಂಟಿಯಾಗಿ ಬಿಡುಗಡೆಯಾಗುವ ಹಾಡು) ಆಗಬೇಕಂತೆ, ವಾರದೊಳಗೆ ಸಹಿ ಬೇಕಂತೆ. ಹಾಡುವ ಹುಡುಗ ಬೇಡ ಅಂತ ಹಟ ಹಿಡಿದಿದ್ದಾನೆ. ‘ಫೌಂಟನ್ಸ್ ಆಫ್ ವೇಯ್ನ್ ಕಥೆ ಗೊತ್ತಲ್ಲ, ಒಂದು ತಮಾಷೆ ಹಾಡು ಹಿಟ್ ಆಯ್ತು, ಅದೂ ಕದ್ದಿದ್ದು, ಕೇಸ್ ಬಿತ್ತು, ಬ್ಯಾಂಡೇ ಮುಗಿದುಹೋಯ್ತು’ ಅನ್ನುತ್ತಾನೆ. ಇದೆಲ್ಲ ನಿಜವೇ? ಸಹಿ ಹಾಕಬಹುದಾ? ಮಗ ಕೆಲಸ ಬಿಡ್ತೀನಿ ಅಂತಿದ್ದಾನೆ, ಹೂಂ ಅನ್ನಬೇಕಾ?

ಉತ್ತರ: ಹಾಡುಗಳ ರಾಯಲ್ಟಿ ಲೆಕ್ಕ ತಪಾಸಣೆ ಮಾಡುವುದು ನನ್ನ ಕೆಲಸ. ಹಾಗಾಗಿ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಹೋಗಿದ್ದು ಹಿಟ್ ಹಾಡಿನ ಕಡೆಗಲ್ಲ, ‘ಇವನೂ ಹಾಡುವ ಹುಡುಗನೂ ಬರೆಯುತ್ತಾರೆ’ ಅನ್ನುವ ಸಾಲಿನ ಕಡೆಗೆ. ಈ ಒಂದು ಹಾಡಿನಿಂದ ಮಗನ ಬ್ಯಾಂಡಿಗೆ ಶಾಶ್ವತವಾಗಿ ಒಂದು ಹಣೆಪಟ್ಟಿ ಅಂಟಿಬಿಟ್ಟರೆ ಅಂತ ನಿಮಗೆ ಭಯ. ಭಯ ಸಹಜ. ಆದರೆ ಆ ಹುಡುಗ ಹೇಳಿದ ಕಥೆಯಲ್ಲಿ ಅರ್ಧ ಸುಳ್ಳು, ಉಳಿದರ್ಧ ತಲೆಕೆಳಗಾಗಿದೆ. ಮೊದಲು ಅದನ್ನು ಸರಿ ಮಾಡೋಣ, ಆಮೇಲೆ ಕರಾರಿಗೆ ಬರೋಣ.

ಫೌಂಟನ್ಸ್ ಆಫ್ ವೇಯ್ನ್ ನಿಮ್ಮ ಕಡೆಯದೇ ಹೆಸರು. ನ್ಯೂಜೆರ್ಸಿಯ ವೇಯ್ನ್ ಊರಲ್ಲಿ ರೂಟ್ 46ರ ಪಕ್ಕ ಕಾರಂಜಿ, ತೋಟದ ಬೊಂಬೆ ಮಾರುವ ಅಂಗಡಿಯೊಂದಿತ್ತು, 2009ರಲ್ಲಿ ಮುಚ್ಚಿತು. ಆ ಅಂಗಡಿಯ ಬೋರ್ಡಿನಿಂದ ಎತ್ತಿಕೊಂಡ ಹೆಸರು ಅದು. ಕ್ರಿಸ್ ಕಾಲಿಂಗ್‌ವುಡ್ ಮತ್ತು ಆಡಮ್ ಶ್ಲೆಸಿಂಜರ್ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಪರಿಚಯವಾದವರು. ಶ್ಲೆಸಿಂಜರ್ ಬೆಳೆದದ್ದು ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ. 1995ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬ್ಯಾಂಡ್ ಶುರುವಾಯಿತು. ಗಿಟಾರಿಗೆ ಜೋಡಿ ಪೋರ್ಟರ್ ಬಂದರು, ಡ್ರಮ್ಸ್‌ಗೆ ಬ್ರಯಾನ್ ಯಂಗ್. ಕಾಲಿಂಗ್‌ವುಡ್ ಹಾಡುಗಾರ, ಶ್ಲೆಸಿಂಜರ್ ಬೇಸ್ ಗಿಟಾರ್. ಇಬ್ಬರೂ ಹಾಡು ಬರೆಯುತ್ತಿದ್ದರು. ನಿಮ್ಮ ಹುಡುಗರ ಹಾಗೇ ಅಲ್ವಾ?

ಮೊದಲ ಆಲ್ಬಮ್ 1996ರಲ್ಲಿ, ಎರಡನೆಯದು ‘ಯುಟೋಪಿಯಾ ಪಾರ್ಕ್‌ವೇ’ 1999ರಲ್ಲಿ, ಎರಡೂ ಅಟ್ಲಾಂಟಿಕ್ ಲೇಬಲ್ಲಿನಿಂದ. ವಿಮರ್ಶಕರು ಹೊಗಳಿದರು. ಜನ ಕೊಳ್ಳಲಿಲ್ಲ. ಎರಡನೆಯ ಆಲ್ಬಮ್ ಆದ ಮೇಲೆ ಅಟ್ಲಾಂಟಿಕ್ ಅವರನ್ನು ಕೈಬಿಟ್ಟಿತು. ಇದನ್ನು ಗಮನಿಸಿ, ಯಾಕಂದರೆ ಕಥೆ ತಲೆಕೆಳಗಾಗಿರುವುದು ಇಲ್ಲೇ. ಹಿಟ್ ಹಾಡು ಬಂದು ಬ್ಯಾಂಡ್ ಮುಳುಗಿದ್ದಲ್ಲ. ಹಿಟ್ ಇಲ್ಲದೆ ಬ್ಯಾಂಡ್ ಆಗಲೇ ಒಂದು ಸಲ ಮುಳುಗಿತ್ತು. ಲೇಬಲ್ ಇಲ್ಲದೆಯೇ ಮೂರನೆಯ ಆಲ್ಬಮ್ಮಿನ ಕೆಲಸ ಶುರು ಮಾಡಿದರು, ಆಮೇಲೆ ಎಸ್-ಕರ್ವ್ ಅನ್ನುವ ಲೇಬಲ್ ತೆಗೆದುಕೊಂಡು ವರ್ಜಿನ್ ಜೊತೆ ಸೇರಿ 2003ರ ಜೂನ್‌ನಲ್ಲಿ ಬಿಡುಗಡೆ ಮಾಡಿತು. ಅದೇ ‘ವೆಲ್‌ಕಮ್ ಇಂಟರ್‌ಸ್ಟೇಟ್ ಮ್ಯಾನೇಜರ್ಸ್’. ಅದರ ಮೊದಲ ಸಿಂಗಲ್ ‘ಸ್ಟೇಸೀಸ್ ಮಾಮ್’. ಗೆಳತಿಯ ಅಮ್ಮನ ಮೇಲೆ ಮನಸ್ಸಾದ ಹುಡುಗನ ಹಾಡು, ಪಕ್ಕಾ ತಮಾಷೆ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಹಾಟ್ 100ರಲ್ಲಿ 21ರ ತನಕ ಏರಿತು.

2004ರ ಗ್ರ್ಯಾಮಿಯಲ್ಲಿ ಇವರಿಗೆ ‘ಅತ್ಯುತ್ತಮ ಹೊಸ ಕಲಾವಿದ’ ವಿಭಾಗದಲ್ಲಿ ನಾಮನಿರ್ದೇಶನ ಸಿಕ್ಕಿತು. ಮೊದಲ ಆಲ್ಬಮ್ ಬಂದು ಏಳು ವರ್ಷ ಆಗಿತ್ತು, ಹೊಸಬರಂತೆ! ಪ್ರಶಸ್ತಿ ಇವಾನೆಸೆನ್ಸ್ ಬ್ಯಾಂಡಿಗೆ ಹೋಯಿತು. ಅದು ಬಿಡಿ. ಆಮೇಲೂ ಇವರು ಕೆಲಸ ನಿಲ್ಲಿಸಲಿಲ್ಲ. 2005ರಲ್ಲಿ ಎರಡು ಡಿಸ್ಕಿನ ಒಂದು ಸಂಕಲನ, 2007ರಲ್ಲಿ ‘ಟ್ರಾಫಿಕ್ ಅಂಡ್ ವೆದರ್’, 2011ರಲ್ಲಿ ‘ಸ್ಕೈ ಫುಲ್ ಆಫ್ ಹೋಲ್ಸ್’. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಅವರು ಅತಿ ಮೇಲಕ್ಕೆ ಹೋದದ್ದು ಈ ಕೊನೆಯ ಆಲ್ಬಮ್ಮಿನಿಂದ, 37ನೇ ಸ್ಥಾನ. ಅಷ್ಟು ಹೊತ್ತಿಗೆ ಎಲ್ಲರ ಸಿಡಿ ಮಾರಾಟವೂ ಬಿದ್ದುಹೋಗಿ ಮೇಲೇರುವುದು ಸುಲಭವಾಗಿತ್ತು ಅನ್ನುವುದೂ ನಿಜ. ಆದರೂ ಹಿಟ್ ಹಾಡಿನ ಎಂಟು ವರ್ಷದ ನಂತರ ಹೀಗೆ ಬಂದ ಬ್ಯಾಂಡನ್ನು ‘ಹಿಟ್ ಆಗಿ ಸತ್ತಿತು’ ಅನ್ನಲು ಬರುವುದಿಲ್ಲ.

ಇನ್ನು ಕದ್ದ ಹಾಡಿನ ಮಾತು. ‘ಸ್ಟೇಸೀಸ್ ಮಾಮ್’ ಶುರುವಾಗುವ ರೀತಿ, ತಂತಿಯನ್ನು ಅಂಗೈಯಲ್ಲಿ ಒತ್ತಿ ಟಕ್ ಟಕ್ ಅಂತ ಒಂದೇ ಸಮ ಬಡಿಯುವ ಆ ಗಿಟಾರ್, ದಿ ಕಾರ್ಸ್ ಬ್ಯಾಂಡಿನ 1978ರ ‘ಜಸ್ಟ್ ವಾಟ್ ಐ ನೀಡೆಡ್’ ಹಾಡಿನ ನೆರಳು. ಯಾರಿಗಾದರೂ ಕೇಳಿಸುತ್ತದೆ. ಕಾರ್ಸ್‌ನ ರಿಕ್ ಒಕಾಸೆಕ್ ತನ್ನ ಹಾಡಿನ ತುಣುಕನ್ನೇ ಕತ್ತರಿಸಿ ಹಾಕಿದ್ದಾರೇನೋ ಅಂದುಕೊಂಡಿದ್ದರಂತೆ. ಹಾಗೇನಿರಲಿಲ್ಲ, ಅದನ್ನು ಇವರೇ ನುಡಿಸಿದ್ದು. ಮುಚ್ಚಿಡುವ ಉದ್ದೇಶವೂ ಇರಲಿಲ್ಲ. ವಿಡಿಯೋದಲ್ಲಿ ಒಂದು ಕಾರಿನ ನಂಬರ್ ಪ್ಲೇಟಿನ ಮೇಲೆ ರಿಕ್ ಮೇಲಿನ ಪ್ರೀತಿಯನ್ನು ಬರೆದೇ ಇಟ್ಟಿದ್ದಾರೆ. ಹಾಡಿನ ಒಡೆತನದಲ್ಲಿ ಇಂದಿಗೂ ಕಾಲಿಂಗ್‌ವುಡ್, ಶ್ಲೆಸಿಂಜರ್ ಎರಡೇ ಹೆಸರು. ಕೇಸ್ ಬಿತ್ತು, ದುಡ್ಡು ಹೋಯಿತು ಅನ್ನುವುದೆಲ್ಲ ಸುಮ್ನೆ ಯಾರೋ ಹಬ್ಬಿಸಿದ್ದು. ಪವರ್ ಪಾಪ್ ಅನ್ನುವ ಪ್ರಕಾರವೇ ಹೀಗೆ. ಅರವತ್ತರ ದಶಕದ ಬೀಟಲ್ಸ್ ರಾಗಕ್ಕೆ ಜೋರು ಗಿಟಾರ್ ಸೇರಿಸಿದ ಸಂಗೀತ ಇದು, ಹಿಂದಿನವರಿಗೆ ಸಲಾಂ ಹೊಡೆಯದೆ ಇದರಲ್ಲಿ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ.

ಆದರೆ ನಿಮ್ಮ ಹುಡುಗರಿಗೆ ಒಂದು ಎಚ್ಚರಿಕೆ. 2003ರಷ್ಟು ನಿರಾಳವಾಗಿ ಈಗ ಸಲಾಂ ಹೊಡೆಯಲು ಆಗುವುದಿಲ್ಲ. ‘ಬ್ಲರ್ಡ್ ಲೈನ್ಸ್’ ಹಾಡು ಗಾಯಕ ಮಾರ್ವಿನ್ ಗೇ ಅವರ ಹಳೆಯ ಹಾಡಿನ ನಕಲು ಅನ್ನುವ ಮೊಕದ್ದಮೆಯಲ್ಲಿ 2015ರಲ್ಲಿ ಅಮೆರಿಕದ ಜ್ಯೂರಿ ಮಾರ್ವಿನ್ ಗೇ ಕುಟುಂಬದ ಪರ ತೀರ್ಪು ಕೊಟ್ಟ ಮೇಲೆ ಎಲ್ಲ ಲೇಬಲ್‌ಗಳೂ ಹೆದರಿವೆ. 2021ರಲ್ಲಿ ಗಾಯಕಿ ಒಲಿವಿಯಾ ರೊಡ್ರಿಗೋ ಹಾಡೊಂದಕ್ಕೆ ಬಿಡುಗಡೆಯಾದ ಮೇಲೆ ಪ್ಯಾರಮೋರ್ ಬ್ಯಾಂಡಿನವರ ಹೆಸರನ್ನು ಬರಹಗಾರರ ಪಟ್ಟಿಗೆ ಸೇರಿಸಿದ್ದು ನೆನಪಿರಬಹುದು. ನಿಮ್ಮ ಕರಾರಿನಲ್ಲಿ ‘ಈ ಹಾಡು ಸಂಪೂರ್ಣ ನಮ್ಮದೇ, ತಕರಾರು ಬಂದರೆ ಖರ್ಚು ನಮ್ಮದು’ ಅನ್ನುವ ಅರ್ಥದ ಕಲಮು ಇದ್ದೇ ಇರುತ್ತದೆ. ಮಗನ ತಮಾಷೆ ಹಾಡು ಯಾವುದಾದರೂ ಹಳೆಯ ಹಾಡಿನ ಹಾಗೆ ಕೇಳಿಸುತ್ತದಾ ಅಂತ ಸಂಗೀತ ಗೊತ್ತಿರುವ, ಆದರೆ ಸ್ನೇಹಿತರಲ್ಲದ ಇಬ್ಬರು ಮೂವರಿಗೆ ಈಗಲೇ ಕೇಳಿಸಿ. ಇಬ್ಬರಾದರೂ ಒಂದೇ ಹಾಡಿನ ಹೆಸರು ಹೇಳಿದರೆ ವಕೀಲರಿಗೆ ತಿಳಿಸಿ.

ಇನ್ನೊಂದು ತಮಾಷೆ. ‘ಸ್ಟೇಸೀಸ್ ಮಾಮ್’ ಬೌಲಿಂಗ್ ಫಾರ್ ಸೂಪ್ ಅನ್ನುವ ಟೆಕ್ಸಾಸ್ ಬ್ಯಾಂಡಿನದು ಅಂತ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಕೊನೆಗೆ 2011ರಲ್ಲಿ ಆ ಬ್ಯಾಂಡಿನವರು, ಹೇಗೂ ಎಲ್ಲರೂ ನಮ್ಮದೇ ಅಂದುಕೊಂಡಿದ್ದಾರಲ್ಲ ಅಂತ, ಹಾಡನ್ನು ತಾವೇ ರೆಕಾರ್ಡ್ ಮಾಡಿಬಿಟ್ಟರು. ಬರೆದವರಿಗೆ ಹೊಟ್ಟೆ ಉರಿಯಬೇಕಿತ್ತಾ? ಲೆಕ್ಕದವನಾಗಿ ಹೇಳುತ್ತೇನೆ, ಇಲ್ಲ. ಯಾರು ಹಾಡಿದರೂ, ಜನ ಯಾರ ಹೆಸರು ಹೇಳಿದರೂ, ಬರಹಗಾರರ ರಾಯಲ್ಟಿ ಬರುವುದು ಬರೆದವರಿಗೇ. ನಿಮ್ಮ ಮನೆಯಲ್ಲಿ ಚರ್ಚೆ ಆಗಬೇಕಾದದ್ದು ಇದು.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಒಂದು, ಬರೆದ ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು, ಅದರ ರೆಕಾರ್ಡಿಂಗ್, ವ್ಯಾಪಾರದಲ್ಲಿ ಇದಕ್ಕೆ ಮಾಸ್ಟರ್ ಅನ್ನುತ್ತಾರೆ. ಲೇಬಲ್‌ಗೆ ಬೇಕಾದದ್ದು ಸಾಮಾನ್ಯವಾಗಿ ಮಾಸ್ಟರ್. ಅವರು ಕೊಡುವ ಅಡ್ವಾನ್ಸ್, ಸ್ಟುಡಿಯೋ ಖರ್ಚು, ವಿಡಿಯೋ ಖರ್ಚಿನ ಪಾಲು, ಇವೆಲ್ಲ ಬ್ಯಾಂಡಿನ ಲೆಕ್ಕಕ್ಕೆ ಖರ್ಚು ಬೀಳುತ್ತವೆ. ಮಾಸ್ಟರ್‌ನಿಂದ ಬರುವ ಬ್ಯಾಂಡಿನ ಪಾಲಿನಲ್ಲಿ ಇದೆಲ್ಲ ವಜಾ ಆಗುವವರೆಗೆ ಹುಡುಗರಿಗೆ ಕಾಸೂ ಇಲ್ಲ. ನಾನು ನೋಡುವ ಲೆಕ್ಕಗಳಲ್ಲಿ ಎಷ್ಟೋ ಬ್ಯಾಂಡುಗಳು ಆ ಗೆರೆ ದಾಟುವುದೇ ಇಲ್ಲ. ಬರೆದ ಹಾಡಿನ ಹಣ ಹಾಗಲ್ಲ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಅದು ಮೊದಲ ಪ್ರತಿಯಿಂದಲೇ ಬರುತ್ತದೆ. ಇನ್ನೊಂದು ವಿಚಿತ್ರ ಕೇಳಿ: ಅಮೆರಿಕದ ಎಫ್‌ಎಂ ರೇಡಿಯೋ ಒಂದು ಹಾಡು ಹಾಕಿದಾಗ ಬರೆದವರಿಗೆ ದುಡ್ಡು ಕೊಡುತ್ತದೆ, ಹಾಡಿದವರಿಗೂ ನುಡಿಸಿದವರಿಗೂ ಏನೂ ಕೊಡುವುದಿಲ್ಲ. ಅಲ್ಲಿನ ಕಾನೂನೇ ಹಾಗಿದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 2003ರಲ್ಲಿ ಅಮೆರಿಕದಲ್ಲಿ ಒಂದು ಸಿಡಿ ಮಾರಾಟವಾದರೆ ಅದರಲ್ಲಿನ ಪ್ರತಿ ಹಾಡಿಗೆ ಬರಹಗಾರರಿಗೆ ಕೊಡಬೇಕಾದ ಕಾನೂನು ದರ 8 ಸೆಂಟ್. 16 ಹಾಡಿನ ಸಿಡಿ ಅಂದರೆ 1 ಡಾಲರ್ 28 ಸೆಂಟ್ ಆಗಬೇಕು. ಆದರೆ ಲೇಬಲ್‌ಗಳ ಕರಾರಿನಲ್ಲಿ ಒಂದು ಕಲಮು ತೂರಿಸುವುದು ಹಳೆಯ ಪದ್ಧತಿ: ‘ಕಲಾವಿದರೇ ಬರೆದ ಹಾಡಾದರೆ ದರದ ಮುಕ್ಕಾಲು ಭಾಗ ಮಾತ್ರ, ಅದೂ 10 ಹಾಡಿಗೆ ಮಾತ್ರ’ ಅಂತ. ಈಗ ಲೆಕ್ಕ ಹಾಕಿ. 6 ಸೆಂಟ್, 10 ಹಾಡು, 60 ಸೆಂಟ್. ಅರ್ಧಕ್ಕಿಂತ ಜಾಸ್ತಿ ಹೋಯಿತು, ಒಂದೇ ಸಾಲಿನಲ್ಲಿ. ಈಗ ದರ 12 ಸೆಂಟ್ ದಾಟಿದೆ, ಸಿಡಿ ಕೊಳ್ಳುವವರು ಕಡಿಮೆ, ಆದರೆ ಹುಡುಗರ ಬ್ಯಾಂಡುಗಳು ವಿನೈಲ್ (ಹಳೆಯ ಕಾಲದ ಗ್ರಾಮಫೋನ್ ತಟ್ಟೆ) ಚೆನ್ನಾಗಿ ಮಾರುತ್ತವೆ, ಅದಕ್ಕೂ ಇದೇ ಕಲಮು ಅನ್ವಯಿಸುತ್ತದೆ. ನಿಮಗೆ ಬಂದಿರುವ ಕರಾರಿನಲ್ಲಿ ಇದು ಇದೆಯಾ ಅಂತ ಮೊದಲು ಹುಡುಕಿಸಿ. ಇದ್ದರೆ ಹೊಡೆದುಹಾಕಿ ಅಂತ ಕೇಳಿ. ಸಣ್ಣ ಲೇಬಲ್‌ಗಳು ಬಹಳ ಸಲ ಒಪ್ಪುತ್ತವೆ.

ಈಗ ಫೌಂಟನ್ಸ್ ಆಫ್ ವೇಯ್ನ್ ಕಥೆಗೆ ಮತ್ತೆ ಬರುತ್ತೇನೆ. ಆಲ್ಬಮ್ಮಿನ ಮೇಲೆ ಎಲ್ಲ ಹಾಡಿಗೂ ಕಾಲಿಂಗ್‌ವುಡ್, ಶ್ಲೆಸಿಂಜರ್ ಇಬ್ಬರ ಹೆಸರೂ ಇರುತ್ತಿತ್ತು, ಬರೆಯುತ್ತಿದ್ದದ್ದು ಮಾತ್ರ ಹೆಚ್ಚಾಗಿ ಬೇರೆ ಬೇರೆ. ‘ಸ್ಟೇಸೀಸ್ ಮಾಮ್’ ಶ್ಲೆಸಿಂಜರ್ ಕಡೆಯದು. ಹೀಗೆ ಹೆಸರು ಜೋಡಿಸುವುದರಿಂದ ಹಣದ ಜಗಳ ತಪ್ಪುತ್ತದೆ, ಒಳ್ಳೆಯ ಏರ್ಪಾಟು. ಅದರಿಂದ ಬಗೆಹರಿಯದ್ದು ಬೇರೆ ಇದೆ. ಬರೆದವನು ಬೇಸ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ, ತನ್ನದಲ್ಲದ ಆ ತಮಾಷೆಯನ್ನು ಪ್ರತಿ ರಾತ್ರಿ ಮೈಕಿನ ಮುಂದೆ ಹಾಡಬೇಕಾದವನು ಇನ್ನೊಬ್ಬ. ಜನ ಗುರುತಿಸುವುದು ಅವನ ಮುಖವನ್ನು. ಕಾಲಿಂಗ್‌ವುಡ್‌ಗೆ ಆ ಹಾಡಿನ ಬಗ್ಗೆ ಅಷ್ಟೇನೂ ಮಮತೆ ಇರಲಿಲ್ಲ, ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಕೊನೆಯ ಆಲ್ಬಮ್ ಹೊತ್ತಿಗೆ ಇಬ್ಬರ ನಡುವೆ ಬಿಗುವು ಬೆಳೆದಿತ್ತು. 2013ಕ್ಕೆ ಬ್ಯಾಂಡ್ ನಿಂತಿತು. ಕಾಲಿಂಗ್‌ವುಡ್ 2016ರಲ್ಲಿ ಲುಕ್ ಪಾರ್ಕ್ ಹೆಸರಲ್ಲಿ ತಮ್ಮದೇ ಆಲ್ಬಮ್ ತಂದರು. ನನ್ನ ಓದಿನ ಪ್ರಕಾರ ಹಿಟ್ ಹಾಡು ಆ ಬಿಗುವನ್ನು ಹುಟ್ಟಿಸಿದ್ದಲ್ಲ, ಹೊರಗೆ ತಂದಿದ್ದು ಅಷ್ಟೇ. ನಿಮ್ಮ ಮನೆಯ ವಿಷಯದಲ್ಲೂ ಬರೆದವನು ನಿಮ್ಮ ಮಗ, ಹಾಡಬೇಕಾದವನು ಆ ಹುಡುಗ. ಅವನ ಹಟವನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ.

ಅತ್ತ ಶ್ಲೆಸಿಂಜರ್ ಕಥೆ ನೋಡಿ. 1996ರಲ್ಲಿ, ಬ್ಯಾಂಡಿನ ಮೊದಲ ಆಲ್ಬಮ್ ಬಂದ ವರ್ಷವೇ, ಟಾಮ್ ಹ್ಯಾಂಕ್ಸ್ ನಿರ್ದೇಶನದ ‘ದಟ್ ಥಿಂಗ್ ಯು ಡೂ!’ ಸಿನಿಮಾಕ್ಕೆ ಶೀರ್ಷಿಕೆ ಹಾಡು ಬರೆದುಕೊಟ್ಟರು. 1964ರಲ್ಲಿ ಒಂದೇ ಹಿಟ್ ಕೊಟ್ಟು ಚದುರಿಹೋಗುವ ಬ್ಯಾಂಡಿನ ಕಥೆ ಅದು! ಆ ಹಾಡಿಗೆ ಆಸ್ಕರ್ ನಾಮನಿರ್ದೇಶನ ಬಂತು. ಇದರ ಜೊತೆಗೆ ಐವಿ ಅನ್ನುವ ಇನ್ನೊಂದು ಬ್ಯಾಂಡ್, ನ್ಯೂಯಾರ್ಕಿನಲ್ಲಿ ಸ್ಟುಡಿಯೋದಲ್ಲಿ ಪಾಲು, ಬ್ರಾಡ್‌ವೇ ನಾಟಕಕ್ಕೆ ಹಾಡು, ಟೋನಿ ಪ್ರಶಸ್ತಿ ಸಮಾರಂಭಕ್ಕೆ ಹಾಡು, ಅರವತ್ತರ ದಶಕದ ಬ್ಯಾಂಡ್ ಮಂಕೀಸ್‌ನವರ 2016ರ ಆಲ್ಬಮ್ಮಿನ ನಿರ್ಮಾಣ, ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ ಟಿವಿ ಸರಣಿಗೆ ರಾಶಿ ಹಾಡು. ಮೂರು ಎಮ್ಮಿ ಬಂದವು. 2020ರ ಏಪ್ರಿಲ್ 1ರಂದು ಕೋವಿಡ್‌ನಿಂದ ತೀರಿಕೊಂಡಾಗ ಅವರಿಗೆ 52. ಅದೇ ತಿಂಗಳು ನ್ಯೂಜೆರ್ಸಿಯ ಕೋವಿಡ್ ನಿಧಿಗಾಗಿ ನಡೆದ ಕಾರ್ಯಕ್ರಮದಲ್ಲಿ ಉಳಿದ ಮೂವರು ಸೇರಿ, ಬೇಸ್‌ಗೆ ಗಾಯಕಿ ಶ್ಯಾರನ್ ವ್ಯಾನ್ ಎಟನ್ ಬಂದು, ಬ್ಯಾಂಡಿನ ಹಳೆಯ ಹಾಡು ‘ಹ್ಯಾಕೆನ್‌ಸ್ಯಾಕ್’ ನುಡಿಸಿದರು. ಬ್ಯಾಂಡ್ ನಿಂತರೂ ಶ್ಲೆಸಿಂಜರ್ ನಿಲ್ಲಲಿಲ್ಲ ಅನ್ನುವುದಕ್ಕೆ ಪ್ರತಿಭೆ ಕಾರಣ, ಸರಿ, ಆದರೆ ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿಡದ ಅಭ್ಯಾಸವೂ ಕಾರಣ, ಬರೆಯುವ ಕೆಲಸ ಅವರ ಕೈಯಲ್ಲೇ ಇದ್ದದ್ದೂ ಕಾರಣ.

ಹಾಗಾದರೆ ಈಗ ಏನು ಮಾಡಬೇಕು? ಸಹಿಗೂ ಮೊದಲು, ಲೇಬಲ್‌ಗೂ ಮೊದಲು, ನಾಲ್ಕು ಹುಡುಗರನ್ನೂ ಕೂರಿಸಿ ಸ್ಪ್ಲಿಟ್ ಶೀಟ್ ಬರೆಸಿ. ಒಂದೇ ಹಾಳೆ ಸಾಕು: ಹಾಡಿನ ಹೆಸರು, ಯಾರು ಬರೆದರು, ಯಾರಿಗೆ ನೂರಕ್ಕೆ ಎಷ್ಟು, ದಿನಾಂಕ, ನಾಲ್ವರ ಸಹಿ. ಇಬ್ಬರಿಗೇ ಹಂಚಬಹುದು, ಆದರೆ ಆಗ ಡ್ರಮ್ಸ್ ಹುಡುಗನಿಗೂ ಗಿಟಾರ್ ಹುಡುಗನಿಗೂ ಬರೆದ ಹಾಡಿನಿಂದ ಸೊನ್ನೆ. ಒಂದೇ ವ್ಯಾನಿನಲ್ಲಿ ವರ್ಷಗಟ್ಟಲೆ ಓಡಾಡುವವರ ನಡುವೆ ಈ ವ್ಯತ್ಯಾಸ ಕಹಿ ತರುತ್ತದೆ. ನಾಲ್ವರಿಗೂ ಸಮ ಹಂಚಿದರೆ ಶಾಂತಿ ಇರುತ್ತದೆ, ಆದರೆ ನಾಳೆ ಒಬ್ಬ ಬಿಟ್ಟುಹೋದರೂ ಅವನ ಪಾಲು ಅವನದೇ. ನನಗೆ ಕೇಳಿದರೆ, ಬರೆದವರಿಗೆ ದೊಡ್ಡ ಪಾಲು, ಉಳಿದವರಿಗೆ ಸಣ್ಣದೊಂದು ಪಾಲು ಅನ್ನುವ ಮಧ್ಯದ ದಾರಿ. ಆಮೇಲೆ ಬರೆದವರು ಆಸ್ಕ್ಯಾಪ್ ಅಥವಾ ಬಿಎಂಐ, ರೇಡಿಯೋ ಮುಂತಾದ ಕಡೆಯಿಂದ ಬರಹಗಾರರ ಹಣ ವಸೂಲಿ ಮಾಡಿಕೊಡುವ ಈ ಸಂಸ್ಥೆಗಳಲ್ಲಿ ಒಂದಕ್ಕೆ ಸೇರಲಿ. ಸ್ಟ್ರೀಮಿಂಗ್‌ನ ಬರಹಗಾರರ ಪಾಲಿಗೆ ಎಂಎಲ್‌ಸಿ ಅನ್ನುವ ಸಂಸ್ಥೆ, ಡಿಜಿಟಲ್ ರೇಡಿಯೋದಲ್ಲಿ ಹಾಡಿದ, ನುಡಿಸಿದವರ ಪಾಲಿಗೆ ಸೌಂಡ್‌ಎಕ್ಸ್‌ಚೇಂಜ್ ಅನ್ನುವ ಸಂಸ್ಥೆ. ನೋಂದಾಯಿಸದಿದ್ದರೆ ಆ ಹಣ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಕರಾರಿನ ವಿಷಯಕ್ಕೆ ಬಂದರೆ, ಮಾಸ್ಟರ್ ಅನ್ನು ಶಾಶ್ವತವಾಗಿ ಬರೆದುಕೊಡಿ ಅಂದಿದ್ದರೆ ಹಾಗೇ ಸಹಿ ಹಾಕಬೇಡಿ. ಐದೋ ಏಳೋ ವರ್ಷಕ್ಕೆ ಲೈಸೆನ್ಸ್ ಅಂತ ಬದಲಿಸಲು ಕೇಳಿ. ಅಡ್ವಾನ್ಸ್ ಕಡಿಮೆ ಸಿಗುತ್ತದೆ, ಆದರೆ ಅವಧಿ ಮುಗಿದ ಮೇಲೆ ಹಾಡು ವಾಪಸ್. ಪಬ್ಲಿಷಿಂಗ್, ಅಂದರೆ ಬರೆದ ಹಾಡಿನ ಹಕ್ಕು, ಕೂಡ ನಮಗೇ ಕೊಡಿ ಅಂದಿದ್ದರೆ ಅದಕ್ಕೆ ಪ್ರತ್ಯೇಕ ದುಡ್ಡು ಕೇಳಿ, ಇಲ್ಲವೇ ಇಲ್ಲ ಅನ್ನಿ. ಲೇಬಲ್ಲೇ ಬೇಡ, ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ನಾವೇ ಬಿಡುತ್ತೇವೆ ಅನ್ನುವ ದಾರಿಯೂ ಇದೆ. ಎಲ್ಲವೂ ನಿಮ್ಮದೇ ಆಗಿರುತ್ತದೆ, ಪ್ರಚಾರದ ಖರ್ಚೂ ನಿಮ್ಮದೇ. ಮತ್ತು ನಾಲ್ಕು ಹುಡುಗರಲ್ಲಿ ಒಬ್ಬನಾದರೂ ಲೆಕ್ಕ ಬರೆಯುವವನು ಇರಬೇಕು, ಇಲ್ಲದಿದ್ದರೆ ಆ ದಾರಿ ವರ್ಷದೊಳಗೆ ಸುಸ್ತಾಗುತ್ತದೆ.

ತಮಾಷೆ ಹಾಡೇ ಮೊದಲು ಬರಲಿ, ಜನ ಕೇಳುತ್ತಿರುವುದು ಅದನ್ನೇ. ಆದರೆ ಹಿಂದೆಯೇ ಇನ್ನೊಂದು ಗಂಭೀರ ಹಾಡು, ಸಾಧ್ಯವಾದರೆ ಹಾಡುವ ಹುಡುಗ ಬರೆದದ್ದು, ಆರೆಂಟು ವಾರದೊಳಗೆ ಬರಬೇಕು, ಅದಕ್ಕೂ ಪ್ರಚಾರದ ಹಣ ಇಷ್ಟು ಅಂತ ಕರಾರಿನಲ್ಲೇ ಬರೆಸಿ. ‘ಸ್ಟೇಸೀಸ್ ಮಾಮ್’ ನಂತರ ಬಂದ ‘ಮೆಕ್ಸಿಕನ್ ವೈನ್’ ಒಳ್ಳೆಯ ಹಾಡು, ಓಡಲಿಲ್ಲ. ಹಿಟ್ ಆದ ಮೇಲೆ ಎರಡನೆಯ ಹಾಡಿನ ಕಡೆ ನೋಡುವ ವ್ಯವಧಾನ ಮಾರುಕಟ್ಟೆಗೆ ಇರುವುದಿಲ್ಲ, ಹಾಗಾಗಿ ಅದನ್ನು ಬಾಯಿಮಾತಿಗೆ ಬಿಡಬಾರದು.

ಕೆಲಸ ಬಿಡಬೇಕಾ? ಬೇಡ, ಈಗ ಬೇಡ. ಟೂರ್ ದಿನಾಂಕಗಳು ಕೈಗೆ ಬಂದು, ಆ ದುಡ್ಡಲ್ಲಿ ಬಾಡಿಗೆ ಕಟ್ಟಬಹುದು ಅಂತ ಹಾಳೆಯ ಮೇಲೆ ಕಾಣಿಸಿದಾಗ ಯೋಚಿಸಲಿ. ಒಂದು ಸಮಾಧಾನ, 26 ವರ್ಷದವರೆಗೆ ಅವನು ನಿಮ್ಮ ಆರೋಗ್ಯ ವಿಮೆಯಲ್ಲೇ ಇರಬಹುದು, ಅಂದರೆ ಮುಂದೆ ಬಿಟ್ಟರೂ ಆ ಒಂದು ಚಿಂತೆ ಸದ್ಯಕ್ಕಿಲ್ಲ. ಕಂಪನಿಯ ಕರಾರಿನಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಅಂತ ಒಮ್ಮೆ ಓದಲಿ. ಇನ್ನೊಂದು ವಿಷಯ, ನಮ್ಮ ಕಡೆಯ ಮನೆಗಳಲ್ಲಿ ಇದು ಬರುತ್ತದೆ ಅಂತಲೇ ಹೇಳುತ್ತಿದ್ದೇನೆ: ಮಗ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಆಗಿರದೆ ಎಚ್-1ಬಿ ಕೆಲಸದ ವೀಸಾ ಅಥವಾ ಒಪಿಟಿ (ಓದು ಮುಗಿಸಿದ ವಿದ್ಯಾರ್ಥಿಗಳಿಗೆ ಸಿಗುವ ಕೆಲಸದ ಅನುಮತಿ) ಮೇಲಿದ್ದರೆ, ಬ್ಯಾಂಡಿನಿಂದ ಒಂದು ಡಾಲರ್ ತೆಗೆದುಕೊಳ್ಳುವ ಮೊದಲು ವೀಸಾ ವಕೀಲರನ್ನು ಕೇಳಲೇಬೇಕು. ಎಚ್-1ಬಿಯವರು ಅರ್ಜಿ ಹಾಕಿದ ಕಂಪನಿಯ ಕೆಲಸ ಬಿಟ್ಟು ಬೇರೆ ಕಡೆ ದುಡಿಯುವ ಹಾಗಿಲ್ಲ.

ವಾರದೊಳಗೆ ಸಹಿ ಅನ್ನುವುದಕ್ಕೆ ಹೆದರಬೇಡಿ. ‘ವಕೀಲರು ಓದುತ್ತಿದ್ದಾರೆ, ಮೂರು ವಾರ ಬೇಕು’ ಅಂತ ಇವತ್ತೇ ಒಂದು ಇಮೇಲ್ ಹಾಕಿಸಿ. ಹಾಡು ನಿಜಕ್ಕೂ ಬೇಕಾದ ಲೇಬಲ್ ಅಷ್ಟಕ್ಕೆ ಓಡಿಹೋಗುವುದಿಲ್ಲ. ಸಂಗೀತದ ಕರಾರು ನೋಡುವ ವಕೀಲರೇ ಆಗಬೇಕು, ಮನೆ ಕೊಳ್ಳುವಾಗ ಪತ್ರ ನೋಡಿಕೊಟ್ಟವರು ಬೇಡ. ಫೀಸು ಜಾಸ್ತಿ ಅನ್ನಿಸಿದರೆ ನ್ಯೂಯಾರ್ಕಿನ ವಾಲಂಟಿಯರ್ ಲಾಯರ್ಸ್ ಫಾರ್ ದಿ ಆರ್ಟ್ಸ್ ಸಂಸ್ಥೆಯನ್ನು ಕೇಳಿ ನೋಡಿ, ಆದಾಯ ಕಡಿಮೆ ಇರುವ ಕಲಾವಿದರಿಗೆ ಅವರು ನೆರವು ಕೊಡುತ್ತಾರೆ. ವಕೀಲರ ಹತ್ತಿರ ಹೋಗುವಾಗ ಮಗನೊಬ್ಬನೇ ಹೋಗದೆ ನಾಲ್ವರೂ ಹೋಗಲಿ, ಸ್ಪ್ಲಿಟ್ ಶೀಟ್ ಕೈಯಲ್ಲಿರಲಿ.